ಬಾಯಿಯ ಬಿಳಿ ಮಚ್ಚೆಗೆ ಅರಿಶಿನ ಸಾಕೇ?
ತಂದೆಯವರ ಕೆನ್ನೆಯೊಳಗಿನ ಬಿಳಿ ಮಚ್ಚೆಗೆ ಅರಿಶಿನದ ಹಾಲು ಸಾಕೇ ಎಂದು ಕೇಳಿದ್ದೀರಿ. ಸಾಲದು. ಇಂಥ ಮಚ್ಚೆ ಕೆಲವೊಮ್ಮೆ ಕ್ಯಾನ್ಸರ್‌ಗೆ ತಿರುಗಬಹುದು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ಅಂಶ ಬಾಯಿ ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಗ್ಗಿಸುವುದು ಪ್ರಯೋಗಾಲಯದಲ್ಲಿ ನಿಜ, ಆದರೆ ಅಲ್ಲಿ ಅದನ್ನು ನೇರ ಕೋಶಗಳ ಮೇಲೇ ಹಾಕುತ್ತಾರೆ. ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಬಹುಪಾಲು ಕರುಳು, ಯಕೃತ್ತಿನಲ್ಲೇ ರೂಪ ಬದಲಿಸಿ ಹೊರಹೋಗುತ್ತದೆ.

ಇಂಥ ಮಚ್ಚೆಗಳ ಮೇಲೆ ಭಾರತದಲ್ಲೇ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದಿನಕ್ಕೆ 3.6 ಗ್ರಾಂ ಕರ್ಕ್ಯುಮಿನ್ ಅನ್ನು 6 ತಿಂಗಳು ಕೊಟ್ಟರು: 67.5% ಜನರಿಗೆ ಗುಣ ಕಂಡಿತು, ಔಷಧವಿಲ್ಲದ ಹುಸಿ ಗುಳಿಗೆಯಲ್ಲೂ 55.3%. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3%. ಲೆಕ್ಕ ಹಾಕಿದರೆ ದಿನಕ್ಕೆ 120 ಗ್ರಾಂ ಪುಡಿ! ಯಾರು ತಿಂದಾರು?

ಕಾಳುಮೆಣಸು ಕರ್ಕ್ಯುಮಿನ್ ಹೀರಿಕೆ ಹೆಚ್ಚಿಸುತ್ತದೆ, ಕೆಲವು ಬೇರೆ ಮಾತ್ರೆಗಳದ್ದೂ ಸಹ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಕರ್ಕ್ಯುಮಿನ್ ಗುಳಿಗೆ ವೈದ್ಯರನ್ನು ಕೇಳದೆ ಬೇಡ. ಅಡಿಕೆ, ತಂಬಾಕು ಇಂದೇ ಬಿಡಿಸಿ. ಒರೆಸಿದರೂ ಹೋಗದ ಮಚ್ಚೆ 2 ವಾರ ದಾಟಿದ್ದರೆ ಬಯಾಪ್ಸಿ (ಮಚ್ಚೆಯ ಚೂರು ತೆಗೆದು ಪರೀಕ್ಷಿಸುವುದು) ಮಾಡಿಸಿ.