ಗಿರಾಕಿ ವಾಪಸ್ ಹೋದ ರಾತ್ರಿ ಬಂದ ನಿದ್ದೆ

ಮನೆ ಮಾರುವ ವಿಷಯಕ್ಕೆ ಆಪ್ತಸಲಹೆ ಯಾಕೆ ಅಂತ ನೀವು ಕೇಳಬಹುದು. ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಅದಕ್ಕಂತ ಯಾರೂ ಬರುವುದಿಲ್ಲ. ನಿದ್ದೆ ಇಲ್ಲ, ಮಕ್ಕಳ ಜೊತೆ ಜಗಳ ಅಂತ ಬರುತ್ತಾರೆ. ಮನೆಯ ಮಾತು ಎರಡು ಮೂರು ಭೇಟಿ ಆದಮೇಲೆ ಹೊರಬೀಳುತ್ತದೆ. ಇಂಥವರನ್ನು ಪದೇ ಪದೇ ನೋಡುತ್ತಿರುವುದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ಕಥೆ ಬರೆಯುತ್ತಿದ್ದೇನೆ.

ಇವರು ನಿವೃತ್ತರು. ಹೆಂಡತಿ ತೀರಿಕೊಂಡಿದ್ದರು. ಮನೆ ಮಾರಿ ಮಗಳ ಹತ್ತಿರ ಹೋಗುವ ಯೋಚನೆ. ಕಮಿಷನ್ ಯಾಕೆ ಕೊಡಬೇಕು ಅಂತ ಬ್ರೋಕರ್ ಬೇಡ ಅಂದಿದ್ದರು. ನಾಲ್ಕು ಗಿರಾಕಿಗಳು ಬಂದು ಕೈಬಿಟ್ಟಿದ್ದರು.

ಮೂರನೇ ಭೇಟಿಯಲ್ಲಿ ಕೊನೆಯ ಗಿರಾಕಿಯ ವಿಷಯ ಬಂತು. ಆತ ಮಲಗುವ ಕೋಣೆಯ ಗೋಡೆಬೀರು ತೆರೆದು, ‘ಇದನ್ನ ಒಡೆಸಿದ್ರೆ ಜಾಗ ಜಾಸ್ತಿ ಆಗುತ್ತೆ’ ಅಂದರಂತೆ. ಅದು ಹೆಂಡತಿ ಅಳತೆ ಕೊಟ್ಟು ಮಾಡಿಸಿದ ಬೀರು. ಮೇಲಿನ ಅರೆ ಕೂಡ ಅವರ ಕೈಗೆ ಎಟುಕುವಷ್ಟೇ ಎತ್ತರ. ಇವರು ನಿಂತಲ್ಲೇ ಬೆಲೆ ಏರಿಸಿದರು. ಗಿರಾಕಿ ಚಪ್ಪಲಿ ಮೆಟ್ಟಿಕೊಂಡು ಹೊರಟರು.

‘ಬೇಜಾರಾಯ್ತಾ ಸರ್?’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಇಲ್ಲ ಮೇಡಂ. ನಿಜ ಹೇಳ್ತೀನಿ, ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.’

ಎಲ್ಲ ಗಂಟು ಅಲ್ಲೇ ಇತ್ತು. ಇವರೊಬ್ಬರೊಳಗೇ ಮಾರುವವರು ಬಾಗಿಲು ತೆರೆಯುತ್ತಿದ್ದರು, ವಾಸವಿದ್ದವರು ಮುಚ್ಚುತ್ತಿದ್ದರು. ಬೆಲೆ ಏರಿಸಿದ್ದು ದುರಾಸೆಯಿಂದಲ್ಲ, ನಮ್ಮದು ಅನ್ನಿಸಿದ್ದಕ್ಕೆ ಬೆಲೆ ಹೆಚ್ಚಾಗಿ ಕಾಣುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟಿದ್ದರು. ಆಗಷ್ಟೇ ಕೈಗೆ ಬಂದ ಮಗ್ಗಿಗೂ ಅವರು, ಕೊಳ್ಳುವವರು ಕೊಡಲು ಒಪ್ಪಿದ್ದರ ಸುಮಾರು ಎರಡರಷ್ಟು ಬೆಲೆ ಕೇಳಿದರು. ಹಾಗಿರುವಾಗ ಬದುಕಿ ಬಾಳಿದ ಮನೆಗೆ?

ಬ್ರೋಕರ್ ಹಿಡಿಯಿರಿ ಅಂತ ನಾನು ಹೇಳಲಿಲ್ಲ. ಬ್ರೋಕರ್ ನಡುವೆ ನಿಂತು ಮಾಡುವ ಕೆಲಸವನ್ನು ಯಾರಾದರೂ ಮಾಡಲೇಬೇಕು ಅಂದೆ. ಮನೆ ತೋರಿಸುವುದು ತಮ್ಮನ ಕೆಲಸ, ಇವರು ಆ ಹೊತ್ತು ಹೊರಗೆ. ಬೆಲೆಯನ್ನು ಮೌಲ್ಯಮಾಪಕರಿಂದ ಬರೆಸಿಕೊಳ್ಳುವುದು. ಸುತ್ತಮುತ್ತ ಎಷ್ಟಕ್ಕೆ ಹೇಳುತ್ತಿದ್ದಾರೆ ಅನ್ನುವುದಲ್ಲ, ಎಷ್ಟಕ್ಕೆ ಮಾರಾಟ ಆಗಿದೆ ಅನ್ನುವುದು ಲೆಕ್ಕ. ಇದಕ್ಕಿಂತ ಕೆಳಗೆ ಇಳಿಯಲ್ಲ ಅನ್ನುವ ಅಂಕಿಯನ್ನು ಮೊದಲೇ ಬರೆದಿಟ್ಟುಕೊಂಡು ಯಾರಿಗೂ ಹೇಳದಿರುವುದು. ‘ಮಗಳ ಹತ್ತಿರ ಬೇಗ ಹೋಗಬೇಕು’ ಅಂತ ಇವರು ಎಲ್ಲರಿಗೂ ಹೇಳುತ್ತಿದ್ದರು. ಅವಸರ ಕಂಡರೆ ಎದುರಿನವರು ಎಳೆದಾಡುತ್ತಾರೆ, ಅಲ್ವಾ? ಹಿಂದಿನ ಗೋಡೆಯ ತೇವ ಕಾಣದಂತೆ ಮಂಚ ಒತ್ತರಿಸಿದ್ದರು. ಅದನ್ನು ಸರಿಸಿ, ತೇವ ಇದೆ ಅಂತ ನೀವೇ ಹೇಳಿಬಿಡಿ ಅಂದೆ. ಮುಂಗಡ ತೆಗೆದುಕೊಳ್ಳುವ ಮೊದಲು ಕರಾರು ವಕೀಲರ ಕಣ್ಣಿಗೆ ಬೀಳಬೇಕು, ಹಣ ಪೂರ್ತಿ ಬರುವವರೆಗೆ ಕೀಲಿ ಕೈಬಿಡಬಾರದು.

ಸಲಹೆಗಾರರು ವ್ಯವಹಾರದ ಮಾತು ಆಡಬಾರದು ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ದುಃಖದ ಬಗ್ಗೆ ಮಾತ್ರ ಮಾತಾಡಿದ್ದರೆ ಅವರು ಐದನೇ ಗಿರಾಕಿಯನ್ನೂ ಓಡಿಸಿ, ಮತ್ತೆ ಮಗಳ ಜೊತೆ ಜಗಳವಾಡಿ ಬರುತ್ತಿದ್ದರು. ಈ ಮಾತಿಗೆ ನಾನು ಈಗಲೂ ಬದ್ಧಳು. ದುಃಖವನ್ನು ಬಿಟ್ಟಿದ್ದೂ ಇಲ್ಲ. ಆ ಬೀರಿನ ಬಾಗಿಲು ಬಿಚ್ಚಿಸಿ ಜೊತೆಗೆ ಒಯ್ಯಿರಿ, ಅದನ್ನು ಕರಾರಿನಲ್ಲೇ ಬರೆಸಿ ಅಂದಿದ್ದೆ.

ಮನೆ ಮಾರಾಟ ಆಯಿತು. ಆಮೇಲೆ ಒಮ್ಮೆ ಬಂದಿದ್ದರು. ಕೀಲಿ ಕೊಟ್ಟ ರಾತ್ರಿ ಒಂದಿಷ್ಟೂ ನಿದ್ದೆ ಬರಲಿಲ್ಲವಂತೆ. ಬಾಗಿಲನ್ನು ಈಗ ಮಗಳ ಮನೆಯಲ್ಲಿ ಮೇಜು ಮಾಡಿಸಿದ್ದಾರೆ.