ಸ್ಟುಟ್‌ಗಾರ್ಟ್‌ನವರ ‘ಶಫೆ’ ಮತ್ತು ತರಗತಿಯ ‘ಶಫನ್’

ನಿಮ್ಮ ಕಿವಿಯ ತಪ್ಪೇನಿಲ್ಲ. ಜರ್ಮನ್ ತರಗತಿಯಲ್ಲಿ ‘ಶಫನ್’ ಅಂದರೆ ಕೈಲಾಗುವುದು ಎಂದು ಕಲಿತಿದ್ದೀರಿ. ಪಕ್ಕದ ಮನೆಯವರು ‘ಶಫೆಟ್ ಸೆ ಬೈಮ್ ಬಾಷ್?’ ಎಂದಾಗ ಏನು ಕೈಲಾಗಬೇಕು ಅಂತ ತಿಳಿಯಲಿಲ್ಲ ಅಂದಿರಿ. ಅವರು ಕೇಳಿದ್ದು ‘ಬಾಷ್ ಕಂಪನಿಯಲ್ಲಿ ಕೆಲಸ ಮಾಡ್ತೀರಾ?’ ಅಂತ ಅಷ್ಟೇ. ಸ್ಟುಟ್‌ಗಾರ್ಟ್ ಸುತ್ತಿನ ಶ್ವೇಬಿಷ್ ಮಾತಿನಲ್ಲಿ ದುಡಿಯುವುದಕ್ಕೆ ‘ಶಫೆ’ ಅನ್ನುವುದೇ ರೂಢಿ. ನಮ್ಮ ‘ಗೆಯ್’ ನೆನಪಿಸಿಕೊಳ್ಳಿ: ಹಳಗನ್ನಡದಲ್ಲಿ ಬರೀ ‘ಮಾಡು’, ಹಳೇ ಮೈಸೂರು ಕಡೆಯ ಹಳ್ಳಿಯಲ್ಲಿ ‘ಗೇಯೋದು’ ಅಂದರೆ ಮೈಮುರಿದು ದುಡಿಯೋದು.

ಉಚ್ಚಾರಣೆಯಲ್ಲಿ ಶಕಾರ ಹ್ರಸ್ವವಾಗಿರಲಿ. ‘ಶಾಫೆ’ ಅಂತ ಎಳೆದರೆ ಕುರಿಗಳಾಗುತ್ತವೆ.

ನಿಜವಾದ ತೊಡಕು ಭೂತಕಾಲದ್ದು. ಈಗಿನ ‘ಶಫನ್’ ಹಳೆಯ ಜರ್ಮನ್‌ನಲ್ಲಿ ಎರಡು ಬೇರೆ ಕ್ರಿಯಾಪದಗಳಾಗಿತ್ತು, ಒಂದು ಸೃಷ್ಟಿಸುವುದಕ್ಕೆ, ಇನ್ನೊಂದು ಮಾಡಿ ಮುಗಿಸುವುದಕ್ಕೆ. ವರ್ತಮಾನದಲ್ಲಿ ಎರಡೂ ಬೆರೆತು ಒಂದೇ ಆದವು, ಭೂತಕಾಲದಲ್ಲಿ ಬೇರೆಯಾಗಿಯೇ ಉಳಿದವು. ಸೃಷ್ಟಿಗೆ ‘ಶೂಫ್, ಗೆಶಫನ್’. ಲೂಥರ್ ಜರ್ಮನ್‌ಗೆ ಅನುವಾದಿಸಿದ ಬೈಬಲ್‌ನ ಮೊದಲ ವಾಕ್ಯದಲ್ಲೇ ಈ ‘ಶೂಫ್’ ಇದೆ. ಕೈಲಾದದ್ದಕ್ಕೂ ದುಡಿದದ್ದಕ್ಕೂ ‘ಶಫ್ಟೆ, ಗೆಶಫ್ಟ್’. ಜರ್ಮನ್ ಭಾಷೆಯ ಬಿ1 ಹಂತದ ಪರೀಕ್ಷೆ ಪಾಸಾದಾಗ ‘ಗೆಶಫ್ಟ್’ ಅನ್ನಬೇಕು. ‘ಗೆಶಫನ್’ ಅಂದರೆ ಆ ಪರೀಕ್ಷೆಯನ್ನೇ ನೀವು ಹುಟ್ಟಿಸಿದಿರಿ ಅಂತಾಗುತ್ತದೆ. ಆದರೆ ಕಂಪನಿಯೊಂದು ಹೊಸ ಉದ್ಯೋಗ ಸೃಷ್ಟಿಸಿದರೆ ಅದು ‘ಗೆಶಫನ್’. ನಮ್ಮವರು ಹೆಚ್ಚು ಎಡವುವುದು ಇಲ್ಲೇ, ಯಾಕೆಂದರೆ ವರ್ತಮಾನದಲ್ಲಿ ಯಾವ ಸುಳಿವೂ ಸಿಗುವುದಿಲ್ಲ. ಕನ್ನಡದಲ್ಲಿ ಯೋಚಿಸಿ: ‘ನನ್ನ ಕೈಲಾಯ್ತು’ ಅನ್ನಬಹುದಾದ ಕಡೆ ‘ಗೆಶಫ್ಟ್’, ‘ಇಲ್ಲದ್ದನ್ನು ಉಂಟುಮಾಡಿದೆ’ ಅನ್ನುವ ಕಡೆ ‘ಗೆಶಫನ್’. 2015ರ ಆಗಸ್ಟ್ 31ರಂದು ನಿರಾಶ್ರಿತರ ವಿಷಯದಲ್ಲಿ ಆಗಿನ ಜರ್ಮನ್ ಚಾನ್ಸಲರ್ ಆಂಗೆಲಾ ಮರ್ಕೆಲ್ ಹೇಳಿದ ‘ವಿಯರ್ ಶಫನ್ ಡಾಸ್’ ಮೊದಲನೆಯ ಬಗೆ, ನಮ್ಮ ಕೈಲಾಗುತ್ತದೆ ಅಂತ.

‘ಇಶ್ ಬಿನ್ ಗೆಶಫ್ಟ್’ ಅಂದರೆ ಮಾತ್ರ ಸುಸ್ತಾಗಿ ಹೋಗಿದ್ದೇನೆ ಅಂತ. ಇದಕ್ಕೆ ತೀರಾ ಹತ್ತಿರ ಕೇಳಿಸುವುದು ‘ಗೆಶೆಫ್ಟ್’. ಪುಸ್ತಕದಲ್ಲಿ ಅದಕ್ಕೆ ಅಂಗಡಿ, ವ್ಯಾಪಾರ ಎಂದಿರುತ್ತದೆ. ಇಲ್ಲಿಯವರು ‘ಗೆಶೆಫ್ಟ್‌ಗೆ ಹೋಗ್ತೀನಿ’ ಅಂದರೆ ಹೊರಟಿರುವುದು ಆಫೀಸಿಗೋ ಕಾರ್ಖಾನೆಗೋ. ಅದೂ ಈ ಶಫನ್‌ನಿಂದಲೇ ಹುಟ್ಟಿದ ಪದ. ಇಂಗ್ಲಿಷಿನ ‘ಶೇಪ್’ ಕೂಡ ದೂರದ ನೆಂಟ. ‘ಶಫಿಗ್’ ಅಂತ ಯಾರಾದರೂ ನಿಮ್ಮನ್ನು ಕರೆದರೆ ಸಂತೋಷಪಡಿ, ಕೆಲಸಕ್ಕೆ ಬಗ್ಗುವವರು ಎಂಬ ಅಪ್ಪಟ ಹೊಗಳಿಕೆ ಅದು.

ದುಡಿಯುವ ಅರ್ಥದ ‘ಶಫೆ’ ಜರ್ಮನಿಯ ಬಾಡನ್, ಫಾಲ್ಟ್ಸ್, ಸಾರ್‌ಲಾಂಡ್ ಕಡೆಯೂ ಇದೆ, ಸ್ವಿಟ್ಜರ್ಲೆಂಡಿನಲ್ಲೂ ಇದೆ. ಲಕ್ಸೆಂಬರ್ಗ್ ಭಾಷೆಯಲ್ಲಿ ‘ಕೆಲಸ ಮಾಡು’ ಎನ್ನುವುದಕ್ಕೆ ‘ಶಫನ್’ ಎಂದೇ ಹೇಳುತ್ತಾರೆ. ಉತ್ತರದ ಹ್ಯಾಂಬರ್ಗಿಗೆ ಹೋದರೆ ದುಡಿಯುವುದಕ್ಕೆ ‘ಆರ್ಬೈಟನ್’ ಬಳಸಿ.

‘ಆನ್‌ಶಫನ್’ ಬಗ್ಗೆ ಮಾತ್ರ ಎಚ್ಚರ. ವಾಷಿಂಗ್ ಮಷಿನ್‌ನಂಥ ಬಾಳಿಕೆ ಬರುವ ವಸ್ತು ಕೊಳ್ಳುವುದಕ್ಕೆ ಅದು ಸರಿಯಾದ ಪದ. ಬವೇರಿಯಾದಲ್ಲಿ ಅದಕ್ಕೆ ಅಪ್ಪಣೆ ಕೊಡುವುದು ಎಂಬ ಅರ್ಥವೂ ಉಂಟು. ‘ವೇರ್ ಸಾಲ್ಟ್, ಶಫ್ಟ್ ಆನ್’, ದುಡ್ಡು ಕೊಡುವವನದೇ ಅಪ್ಪಣೆ. ಆದರೆ ಅದರ ಮುಂದೆ ‘ಗೇಯನ್’, ಅಂದರೆ ಹೋಗು, ಸೇರಿಸಿ ‘ಆನ್‌ಶಫನ್ ಗೇಯನ್’ ಅನ್ನಬೇಡಿ. ಅದರರ್ಥ ಮೈಮಾರಾಟಕ್ಕೆ ಹೋಗುವುದು. ಸಾಮಾನು ತರಲು ಹೊರಟರೆ ‘ಐನ್‌ಕೌಫನ್ ಗೇಯನ್’ ಅನ್ನಿ.