ಲಿನಕ್ಸ್‌ನಲ್ಲಿ ಕಾಪಿ ಮಾಡಿದ್ದು ಪೇಸ್ಟ್ ಆಗುತ್ತಿಲ್ಲ. ಬೇರೆ ಡಿಸ್ಟ್ರೋ ಹಾಕಿಕೊಳ್ಳಬೇಕೇ?

ಬೇಡ. ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಬಗೆ, ಬದಲಿಸಿದರೆ ವಾಲ್‌ಪೇಪರ್ ಬದಲಾಗುತ್ತದೆ, ಅಷ್ಟೇ. ಕಿಟಕಿ ಮುಚ್ಚಿದ ಕೂಡಲೇ ಕಾಪಿ ಮಾಡಿದ್ದು ಮಾಯ, ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಬೇರೇನೋ ಬಂದು ಬೀಳುತ್ತದೆ, ಕನ್ನಡ ಹಾಕಿದರೆ ಇಂಗ್ಲಿಷ್ ಕಸ ಬರುತ್ತದೆ ಎಂದು ಬರೆದಿದ್ದೀರಿ. ಮೂರೂ ನನಗೆ ಆಗಿವೆ. ಮೊದಲನೆಯದರಿಂದ ಮರ್ಯಾದೆಯೂ ಹೋಗಿದೆ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಹಗಲು ಮುಂಬೈಯ ಫೋರ್ಟ್‌ನಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ನಮ್ಮ ಸಂಘದ ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆಗಳ ಡಿಟಿಪಿ. ಮನೆಯ ಹಳೇ ಕಂಪ್ಯೂಟರ್‌ನಲ್ಲಿ ಇದ್ದದ್ದು ಎರಡು ಜಿಬಿ ರ‍್ಯಾಮ್. ವಿಂಡೋಸ್ ತೆವಳುತ್ತಿತ್ತು ಎಂದು ಡೆಬಿಯನ್ ಎಂಬ ಡಿಸ್ಟ್ರೋ ಹಾಕಿ, ಗ್ನೋಮ್, ಕೆಡಿಇಯಂಥ ಪೂರ್ತಿ ಡೆಸ್ಕ್‌ಟಾಪ್ ಯಾವುದೂ ಬೇಡವೆಂದು, ಕಿಟಕಿಗಳನ್ನಷ್ಟೇ ನೋಡಿಕೊಳ್ಳುವ ಓಪನ್‌ಬಾಕ್ಸ್ ಇಟ್ಟುಕೊಂಡಿದ್ದೆ. ಯಂತ್ರ ಹಗುರವಾಯಿತು ಎಂದು ಬೀಗುತ್ತಿದ್ದೆ ಕೂಡ.

ಸಂಚಿಕೆಗೆ ಲೇಖನ ಕೊಡಬೇಕಿದ್ದವರಲ್ಲಿ ಒಬ್ಬರು ಹಿಂದೆ ಫೋರ್ಟ್‌ನ ರಾತ್ರಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಮಾಸ್ತರರು. ಕಣ್ಣು ಸರಿಯಿಲ್ಲದ ಕಾರಣ ಮನೆಗೇ ಬಂದು ಹೇಳುತ್ತಾ ಹೋದರು, ನಾನು ಒಂದು ಸಣ್ಣ ಎಡಿಟರ್‌ನಲ್ಲಿ ಟೈಪ್ ಮಾಡುತ್ತಾ ಹೋದೆ. ಹೋಟೆಲ್ ಬಾಗಿಲು ಹಾಕಿದ ಮೇಲೆ ಓಡೋಡಿ ಬರುವ ಹುಡುಗರು, ದಿನವಿಡೀ ಗ್ಲಾಸು ತೊಳೆದು ಸುಕ್ಕಾದ ಬೆರಳಲ್ಲಿ ಪೆನ್ಸಿಲ್ ನಿಲ್ಲದೆ ಅಂಗಿಗೆ ಕೈ ಒರೆಸಿಕೊಳ್ಳುತ್ತಿದ್ದದ್ದು, ಎಲ್ಲ ಬಂತು. ಕೈಬರಹದ ಪ್ರತಿ ಇಲ್ಲವೇ ಇಲ್ಲ, ಇದ್ದದ್ದು ಆ ಫೈಲ್ ಒಂದೇ.

ಅವರು ಹೋದ ಮೇಲೆ ಆ ಭಾಗವನ್ನು ಸಂಚಿಕೆಯ ಮುಖ್ಯ ಫೈಲಿಗೆ ಸಾಗಿಸಲು ಹೊರಟೆ. ಗಮನಿಸಿ, ಕಾಪಿ ಅಲ್ಲ, ಕಟ್. ಕಟ್ ಮಾಡಿದೆ. ಅಭ್ಯಾಸಬಲದಿಂದ ಸೇವ್ ಒತ್ತಿದೆ. ಲಿಬ್ರೆಆಫೀಸ್ ತೆರೆದುಕೊಳ್ಳಲು ರ‍್ಯಾಮ್ ಸಾಲದೆಂದು ಎಡಿಟರ್ ಮುಚ್ಚಿದೆ. ಆಮೇಲೆ ಕಂಟ್ರೋಲ್-ವಿ. ಏನೂ ಬರಲಿಲ್ಲ. ಮೆನು ತೆರೆದರೆ ಪೇಸ್ಟ್ ಎನ್ನುವುದೇ ಮಸುಕಾಗಿ ಕೂತಿದೆ. ಮೂಲ ಫೈಲ್ ತೆರೆದರೆ ಅಲ್ಲೂ ಇಲ್ಲ. ಎಡಿಟರ್ ಮುಚ್ಚಿದ್ದರಿಂದ ಅನ್‌ಡೂ ಕೂಡ ಇಲ್ಲ.

ಫೋನ್ ಮಾಡಿದೆ. ‘ಎಂತದು ಮಾರಾಯ, ನಾನು ಹೇಳಿದ್ದನ್ನು ನಿನ್ನ ಕಂಪ್ಯೂಟರ್ ತಿಂದಿತಾ?’ ಅಂದರು. ಪಾಪ, ಮತ್ತೆ ಬಂದು ಹೇಳಿದರು. ಆದರೆ ಎರಡನೇ ಸಲ ಬಂದದ್ದು ಇಸವಿಗಳು, ಮುಖ್ಯೋಪಾಧ್ಯಾಯರ ಹೆಸರುಗಳು. ಬೆರಳಿನ ಸುದ್ದಿಯೇ ಇಲ್ಲ. ನಾನು ನೆನಪಿಸಿದರೆ, ‘ಅದೆಲ್ಲ ಬೇಡ, ಪೇಜು ಸಾಲದು’ ಅಂತ ಮುಂದೆ ಹೋದರು. ಹಾಗೇ ಅಚ್ಚಾಯಿತು.

ಆದದ್ದು ಏನೆಂದರೆ: ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್ ಮುಚ್ಚಿದ ಮೇಲೂ ಪೇಸ್ಟ್ ಆಗುವುದರಿಂದ, ಕಾಪಿ ಮಾಡಿದ್ದು ಎಲ್ಲೋ ಸಿಸ್ಟಮ್‌ನೊಳಗೆ ಭದ್ರವಾಗಿದೆ ಎಂದು ನಂಬಿಕೊಂಡಿರುತ್ತೇವೆ. ಲಿನಕ್ಸ್‌ನಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ವ್ಯವಸ್ಥೆ, 1987ರಲ್ಲಿ ಬಂದ ಎಕ್ಸ್11. ಅದರಲ್ಲಿ ಹಾಗಿಲ್ಲ. ಕಂಟ್ರೋಲ್-ಸಿ ಒತ್ತಿದಾಗ ಪಠ್ಯ ಎಲ್ಲಿಗೂ ಹೋಗುವುದಿಲ್ಲ. ಆ ಪ್ರೋಗ್ರಾಮ್ ‘ಕ್ಲಿಪ್‌ಬೋರ್ಡ್‌ನ ಮಾಲು ನನ್ನ ಹತ್ತಿರ ಇದೆ’ ಎಂದು ಎಕ್ಸ್ ಸರ್ವರ್‌ಗೆ ಹೇಳುತ್ತದೆ, ಅಷ್ಟೇ. ನೀವು ಇನ್ನೊಂದು ಕಡೆ ಪೇಸ್ಟ್ ಒತ್ತಿದಾಗ ಆ ಎರಡನೇ ಪ್ರೋಗ್ರಾಮ್ ಮೊದಲನೆಯದನ್ನು ಕೇಳುತ್ತದೆ: ನಿನ್ನಲ್ಲಿ ಯಾವ ಯಾವ ರೂಪದಲ್ಲಿದೆ? ಬರೀ ಪಠ್ಯವೋ, ಎಚ್‌ಟಿಎಂಎಲ್ಲೋ, ಚಿತ್ರವೋ? ಪಟ್ಟಿ ನೋಡಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಆಗಲೇ ಮಾಲು ಕೈಬದಲಾಗುವುದು. ಉಡುಪಿ ಹೋಟೆಲಿನ ಕೌಂಟರ್‌ನಲ್ಲಿ ಟೋಕನ್ ತೆಗೆದುಕೊಂಡ ಹಾಗೆ: ಕೈಯಲ್ಲಿ ಚೀಟಿ ಇದೆ, ದೋಸೆ ಇನ್ನೂ ಒಳಗಿದೆ. ಅಡುಗೆಮನೆ ಮುಚ್ಚಿದರೆ ಚೀಟಿ ನೆಕ್ಕಬೇಕಷ್ಟೇ. ಎಕ್ಸ್11ರ ಜಾಗಕ್ಕೆ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ಬಂದ ಮೇಲೂ ಮೂಲ ಪದ್ಧತಿ ಇದೇ.

ಹಾಗಾದರೆ ಗ್ನೋಮ್, ಕೆಡಿಇ ಬಳಸುವವರಿಗೆ ಯಾಕೆ ಆಗುವುದಿಲ್ಲ? ಅವು ಒಂದು ಕ್ಲಿಪ್‌ಬೋರ್ಡ್ ಮ್ಯಾನೇಜರ್ ಅನ್ನು ತಾವೇ ಇಟ್ಟಿರುತ್ತವೆ. ಕೆಡಿಇಯಲ್ಲಿ ಅದರ ಹೆಸರು ಕ್ಲಿಪ್ಪರ್. ಪ್ರೋಗ್ರಾಮ್ ಮುಚ್ಚುವ ಮೊದಲೇ ಅದು ಮಾಲನ್ನು ತನ್ನ ಕಡೆ ಎತ್ತಿಟ್ಟುಕೊಳ್ಳುತ್ತದೆ. ನಾನು ಹಗುರ, ಹಗುರ ಎಂದು ಕಿತ್ತು ಹಾಕಿದ್ದು ಅದನ್ನೇ. ನೀವು ಯಾವ ಡೆಸ್ಕ್‌ಟಾಪ್ ಎಂದು ಬರೆದಿಲ್ಲ, ಆದರೆ ಕಿಟಕಿ ಮುಚ್ಚಿದ ಕೂಡಲೇ ಮಾಯ ಎನ್ನುವುದಾದರೆ ನಿಮ್ಮಲ್ಲೂ ಮ್ಯಾನೇಜರ್ ಇಲ್ಲ ಅಥವಾ ಓಡುತ್ತಿಲ್ಲ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಆದರೆ ಕ್ಲಿಪ್‌ಮ್ಯಾನ್, ನನ್ನಂಥ ಬೋಳು ಸೆಟಪ್ ಆದರೆ ಕಾಪಿಕ್ಯೂ ಹಾಕಿ, ಲಾಗಿನ್ ಆದ ಕೂಡಲೇ ಶುರುವಾಗುವಂತೆ ಮಾಡಿ. ಗ್ನೋಮ್‌ನ ವೇಲ್ಯಾಂಡ್ ಸೆಷನ್‌ನಲ್ಲಿ ಮಾತ್ರ ಹಿನ್ನೆಲೆಯಲ್ಲಿ ಕೂತ ಪ್ರೋಗ್ರಾಮ್‌ಗೆ ಕ್ಲಿಪ್‌ಬೋರ್ಡ್ ಇಣುಕಿ ನೋಡಲು ಬಿಡುವುದಿಲ್ಲ, ಹಳೆಯ ಕಾಪಿಗಳ ಪಟ್ಟಿ ಬೇಕಿದ್ದರೆ ಎಕ್ಸ್‌ಟೆನ್ಷನ್ ಹುಡುಕಿ. ಮತ್ತೆ, ಸಂಘದ ಆಫೀಸಿನಂಥ ಹತ್ತು ಜನ ಮುಟ್ಟುವ ಕಂಪ್ಯೂಟರ್‌ಗೆ ಈ ಪಟ್ಟಿ ಬೇಡವೇ ಬೇಡ. ಬ್ಯಾಂಕ್ ಪಾಸ್‌ವರ್ಡ್ ಕಾಪಿ ಮಾಡಿದರೆ ಅದೂ ಅಲ್ಲೇ ಸಾಲಾಗಿ ಕೂತಿರುತ್ತದೆ.

ಟರ್ಮಿನಲ್‌ನಲ್ಲಿ ಬೇರೇನೋ ಬರುವುದು ದೋಷವೇ ಅಲ್ಲ. ಲಿನಕ್ಸ್‌ನಲ್ಲಿ ಎರಡು ಜಾಗ ಇವೆ. ಮೌಸ್‌ನಿಂದ ಎಳೆದು ಆರಿಸಿದ್ದು ಪ್ರೈಮರಿ, ನಡುವಿನ ಬಟನ್ ಒತ್ತಿದರೆ ಅದು ಬೀಳುತ್ತದೆ. ಕಂಟ್ರೋಲ್-ಸಿಯಿಂದ ಆದದ್ದು ಕ್ಲಿಪ್‌ಬೋರ್ಡ್. ಎರಡಕ್ಕೂ ಸಂಬಂಧ ಇಲ್ಲ. ಟರ್ಮಿನಲ್‌ನಲ್ಲಿ ಕಂಟ್ರೋಲ್-ಸಿ ಎಂದರೆ ಓಡುತ್ತಿರುವ ಕೆಲಸ ನಿಲ್ಲಿಸು ಎಂದು ಅರ್ಥ, ಅದಕ್ಕೇ ಅಲ್ಲಿ ಶಿಫ್ಟ್ ಸೇರಿಸಿ ಕಂಟ್ರೋಲ್-ಶಿಫ್ಟ್-ಸಿ, ಕಂಟ್ರೋಲ್-ಶಿಫ್ಟ್-ವಿ. ಎಕ್ಸ್‌ಟರ್ಮ್ ಎಂಬ ಟರ್ಮಿನಲ್‌ನಲ್ಲಿ ಶಿಫ್ಟ್-ಇನ್ಸರ್ಟ್ ಒತ್ತಿದರೆ ಪ್ರೈಮರಿಯದು ಬರುತ್ತದೆ, ನಿಮ್ಮ ‘ಬೇರೇನೋ’ ಬಹುಶಃ ಅದೇ. ಅನುಮಾನ ಇದ್ದರೆ ಎಕ್ಸ್‌ಕ್ಲಿಪ್ ಎಂಬ ಪುಟ್ಟ ಪ್ರೋಗ್ರಾಮ್ ಹಾಕಿ ಎರಡರಲ್ಲೂ ಏನಿದೆ ಎಂದು ಬೇರೆ ಬೇರೆಯಾಗಿ ನೋಡಬಹುದು. ವೇಲ್ಯಾಂಡ್ ಆದರೆ ಡಬ್ಲ್ಯುಎಲ್-ಪೇಸ್ಟ್. ಕೆಲವರು ನಡುವಿನ ಬಟನ್ನಿನ ಪೇಸ್ಟನ್ನು ಬಂದ್ ಮಾಡಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಕೈಯಲ್ಲಿ ಹೆಸರು, ಇನ್ನೊಂದರಲ್ಲಿ ಮೊತ್ತ ಹಿಡಿದು ದೇಣಿಗೆ ಪಟ್ಟಿ ತುಂಬುವಾಗ ಅದರ ಸುಖ ಗೊತ್ತಾಗುತ್ತದೆ.

ಇನ್ನು ಇಂಗ್ಲಿಷ್ ಕಸ. ಅದಕ್ಕೂ ಲಿನಕ್ಸ್‌ಗೂ ಸಂಬಂಧವಿಲ್ಲ, ಬಯ್ಯಬೇಡಿ. ಪ್ರೆಸ್‌ನಿಂದ ಬರುವ ಹಳೇ ಫೈಲ್‌ಗಳು ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುತ್ತವೆ. ಅಲ್ಲಿ ಒಳಗೆ ಇರುವುದೇ ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದರ ಮೇಲೆ ಕನ್ನಡದ ವೇಷ ಹಾಕಿರುತ್ತದೆ. ಬರೀ ಪಠ್ಯವಾಗಿ ಪೇಸ್ಟ್ ಆದಾಗ ಫಾಂಟ್ ಕಳಚಿ ಬೀಳುತ್ತದೆ. ಒಂದೊಂದು ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೇ 128 ಸ್ಥಾನಗಳ ಸ್ವಂತ ಜಾಗವಿದೆ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು ಆಮೇಲೆ ಕಾಪಿ ಮಾಡಿ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾಡಿಸಿ. ವಿಶೇಷವಾಗಿ ದಾನಿಗಳ ಹೆಸರಿನಲ್ಲಿ.